ಪೆಲೆಟ್ ಸ್ಟೋವ್ ಕಿರುಗುಟ್ಟಿದರೆ: ಎಣ್ಣೆ ಡಬ್ಬಿಗೆ ಕೈ ಹಾಕುವ ಮುಂಚೆ

ಜನವರಿಯ ಒಂದು ರಾತ್ರಿ, ಹೊರಗೆ ಮೈನಸ್ 18 ಡಿಗ್ರಿ. ನ್ಯೂ ಹ್ಯಾಂಪ್‌ಶೈರ್‌ನ ನಮ್ಮ ಮನೆಯ ಹಾಲ್‌ನಲ್ಲಿರುವ ಪೆಲೆಟ್ ಸ್ಟೋವ್ ‘ಕೀಂಯ್’ ಅಂತ ಒಂದು ಸಲ ಕೂಗಿತು. ಆಮೇಲೆ ಸುಮ್ಮನಾಯಿತು. ಇನ್ನೇನು ನಿದ್ದೆ ಹತ್ತಬೇಕು ಅನ್ನುವಷ್ಟರಲ್ಲಿ ಮತ್ತೆ ಕೂಗಿತು. ಎದ್ದು ಗರಾಜ್‌ಗೆ ಹೋಗಿ ಎಣ್ಣೆ ಡಬ್ಬಿ ತಂದೆ. ತಿಪಟೂರಿನಿಂದ ಬಂದಿದ್ದ ಅಪ್ಪ ಕಂಬಳಿ ಹೊದ್ದುಕೊಂಡು ಸೋಫಾದ ಮೇಲೆ ಕೂತಿದ್ದರು. ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದ ಕಿವಿ ಅವರದು. “ಡಬ್ಬಿ ಕೆಳಗಿಡೋ. ಅದು ಒಣಗಿರೋ ಸದ್ದಲ್ಲ, ಗಂಟಲು ಕಟ್ಕೊಂಡಿರೋ ಸದ್ದು” ಅಂದರು.

ಮಾರನೇ ದಿನ ಬಿಚ್ಚಿ ನೋಡಿದರೆ ಅದೇ ನಿಜ. ಒಣಗಿದ ಸದ್ದಿಗೆ ಎಣ್ಣೆ ಮದ್ದು, ಕಟ್ಟಿಕೊಂಡ ಸದ್ದಿಗೆ ಎಣ್ಣೆ ವಿಷ. ಎರಡನ್ನೂ ಬೇರೆ ಮಾಡಿ ಗುರುತಿಸಲು ಆ ಚಳಿಗಾಲದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಚಳಿ ದೇಶಗಳಿಗೆ ಬಂದು ಹಳೇ ಮನೆ ಕೊಂಡು, ಅದರ ಜೊತೆಗೇ ಇಂಥದ್ದೊಂದು ಒಲೆ ಕೊರಳಿಗೆ ಬಿದ್ದವರಿಗೆ ಉಪಯೋಗವಾಗಬಹುದು.

ಇದರೊಳಗೆ ತಿರುಗುವುದು ಏನೇನು

ಸೌದೆ ಹಾಕುವ ಸಾದಾ ಒಲೆಯಲ್ಲಿ ಅಲುಗಾಡುವ ಭಾಗ ಅಂದರೆ ಬಾಗಿಲು, ಗಾಳಿಯ ತೂತಿನ ಮುಚ್ಚಳ, ಅಷ್ಟೇ. ಪೆಲೆಟ್ ಸ್ಟೋವ್ ಹಾಗಲ್ಲ, ಅದೊಂದು ಪುಟ್ಟ ಗಿರಣಿ. ಮರದ ಹೊಟ್ಟನ್ನು ಒತ್ತಿ ಮಾಡಿದ ಸುಮಾರು 6 ಮಿಲಿಮೀಟರ್ ದಪ್ಪದ ಗುಳಿಗೆಗಳನ್ನು, ಅಂದರೆ ಪೆಲೆಟ್‌ಗಳನ್ನು, ಮೇಲಿನ ಹಾಪರ್ ಅನ್ನುವ ತೊಟ್ಟಿಗೆ ಸುರಿಯುತ್ತೇವೆ. ಆಗರ್ ಅನ್ನುವ ತಿರುಪು ಅವನ್ನು ಸ್ವಲ್ಪ ಸ್ವಲ್ಪವೇ ಬೆಂಕಿಯ ಬಟ್ಟಲಿಗೆ ತಳ್ಳುತ್ತದೆ. ಒಂದು ಫ್ಯಾನ್ ಹೊಗೆಯನ್ನು ಎಳೆದು ಹೊರಗೆ ಹಾಕುತ್ತದೆ, ಇನ್ನೊಂದು ಕೋಣೆಗೆ ಬಿಸಿಗಾಳಿ ಊದುತ್ತದೆ. ಬೋಯಿಂಗ್‌ನಲ್ಲಿ ಎಂಜಿನಿಯರ್ ಆಗಿದ್ದ ಜೆರ್ರಿ ವಿಟ್‌ಫೀಲ್ಡ್ 1980ರ ದಶಕದಲ್ಲಿ ಮನೆಗಳಿಗೆಂದು ಇಂಥ ಸ್ಟೋವ್ ರೂಪಿಸಿದರು. ವಿಮಾನದವರ ಕೈಗೆ ಸಿಕ್ಕಮೇಲೆ ಒಲೆಗೆ ಮೋಟಾರು ಬರದೆ ಇರುತ್ತದೆಯೇ!

ಅಂತೂ ಮೂರು ಮೋಟಾರು. ಜೊತೆಗೆ ಬಾಗಿಲಿನ ಕೀಲು, ಚಿಲಕ, ಮತ್ತು ಬಿಸಿ ಕೊಳವೆಗಳ ಮೇಲಿನ ಬೂದಿ ಕೆರೆಯಲು ಹಿಂದೆ ಮುಂದೆ ಎಳೆಯುವ ಒಂದು ಸರಳು. ಸದ್ದು ಬಂದರೆ ಇಷ್ಟರಲ್ಲೇ ಯಾವುದೋ ಒಂದರಿಂದ.

ಮೊದಲು ಕಿವಿ, ಆಮೇಲೆ ಸ್ಪ್ಯಾನರ್

ಸ್ಟೋವ್ ಉರಿಯುತ್ತಿರುವಾಗಲೇ, ಏನನ್ನೂ ಬಿಚ್ಚದೆ, ಹತ್ತು ನಿಮಿಷ ಎದುರು ಕೂತು ಕೇಳಿ. ಸದ್ದಿನ ತಾಳ ನೋಡಬೇಕು.

ಬಿಟ್ಟು ಬಿಟ್ಟು ಬರುವ ಸದ್ದಾದರೆ ಅನುಮಾನ ಆಗರ್ ಕಡೆಗೆ. ಆಗರ್ ಮೋಟಾರು ಸದಾ ತಿರುಗುವುದಿಲ್ಲ, ಕೆಲವು ಸೆಕೆಂಡ್ ತಿರುಗಿ ಕೆಲವು ಸೆಕೆಂಡ್ ನಿಲ್ಲುತ್ತದೆ. ಲೆಕ್ಕ ಹಾಕಿ: ನಿಮ್ಮದು ನಿಮಿಷಕ್ಕೆ ಒಂದೇ ಸುತ್ತು ಬರುವ ಮೋಟಾರು, ಪ್ರತಿ 6 ಸೆಕೆಂಡಿನಲ್ಲಿ 2 ಸೆಕೆಂಡ್ ಮಾತ್ರ ಓಡುತ್ತದೆ ಅಂತಿಟ್ಟುಕೊಳ್ಳಿ. ಆಗ ಒಂದು ಪೂರ್ತಿ ಸುತ್ತಿಗೆ 3 ನಿಮಿಷ ಬೇಕು. ಸರಿಯಾಗಿ ಮೂರು ನಿಮಿಷಕ್ಕೊಮ್ಮೆ ಒಂದೇ ಕಿರುಚಾಟ ಬಂದರೆ, ತಿರುಪು ಸುತ್ತಿನ ಒಂದೇ ಜಾಗದಲ್ಲಿ ಏನಕ್ಕೋ ಉಜ್ಜುತ್ತಿದೆ ಅಂತ ಅರ್ಥ. ಮೋಟಾರು ಓಡಿದಾಗಲೆಲ್ಲ ಬಂದರೆ ಅದು ಮೋಟಾರಿನದ್ದೋ ಬುಷ್‌ನದ್ದೋ (ಕಂಬಿ ತಿರುಗಲು ಆಸರೆಯಾಗುವ ಬಳೆ) ಇರಬೇಕು. ನಾನು ಫೋನಿನ ಸ್ಟಾಪ್‌ವಾಚ್ ಹಿಡಿದು ಕೂತೆ. ಅಪ್ಪ ಬೆರಳು ಮಡಿಸಿ ಎಣಿಸಿದರು. ಇಬ್ಬರ ಲೆಕ್ಕವೂ ಒಂದೇ ಬಂತು.

ಎಡೆಬಿಡದೆ ಬರುವ ಸದ್ದು ಫ್ಯಾನ್‌ಗಳದು. ಕೋಣೆಯ ಫ್ಯಾನಿನ ವೇಗ ಹೆಚ್ಚು ಕಡಿಮೆ ಮಾಡಿ ನೋಡಿ. ಸದ್ದಿನ ಶ್ರುತಿಯೂ ಜೊತೆಗೇ ಏರಿಳಿದರೆ ಕಳ್ಳ ಸಿಕ್ಕ. ಏನೂ ಬದಲಾಗದಿದ್ದರೆ ಹೊಗೆ ಎಳೆಯುವ ಫ್ಯಾನ್ ಮೇಲೆ ಕಣ್ಣಿಡಿ. ಬೆಳಗ್ಗೆ ತಣ್ಣಗಿದ್ದಾಗ ಐದು ನಿಮಿಷ ಕಿರುಚಿ, ಬಿಸಿಯಾದ ಮೇಲೆ ಸುಮ್ಮನಾದರೆ ಬೇರಿಂಗ್ ಒಣಗತೊಡಗಿದೆ. ಹೆಚ್ಚಿನವರು ‘ತಾನೇ ಸರಿಹೋಯ್ತು’ ಅಂತ ಇದನ್ನು ಮರೆತುಬಿಡುತ್ತಾರೆ. ಆಮೇಲೆ ಫೆಬ್ರವರಿಯಲ್ಲಿ ಪಶ್ಚಾತ್ತಾಪ ಪಡುತ್ತಾರೆ.

ಎರಡು ಸದ್ದು ಬೆರೆತು ತಲೆ ಕೆಟ್ಟರೆ ಅಡುಗೆಮನೆಯಿಂದ ಲಟ್ಟಣಿಗೆ ತನ್ನಿ. ತಮಾಷೆಯಲ್ಲ. ಅಪ್ಪ ಅದರ ಒಂದು ತುದಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಟೋವ್‌ನ ಹೊರಮೈಗೆ ತಾಗಿಸುತ್ತ ಕೆಳಗಿನಿಂದ ಮೇಲಕ್ಕೆ ಹೋದರು. ಬಲಗಡೆ, ಹಾಪರ್‌ನ ಬುಡದ ಹತ್ತಿರ ನಿಂತರು. “ಇಲ್ಲಿ.” ಮೆಕ್ಯಾನಿಕ್‌ಗಳು ಉದ್ದನೆಯ ಸ್ಕ್ರೂಡ್ರೈವರ್‌ನಲ್ಲಿ ಇದೇ ಕೆಲಸ ಮಾಡುತ್ತಾರೆ. ಆದರೆ ಕರೆಂಟಿರುವ ಯಂತ್ರಕ್ಕೆ ಕಬ್ಬಿಣಕ್ಕಿಂತ ಮರವೇ ವಾಸಿ. ಆ ಲಟ್ಟಣಿಗೆಯಲ್ಲಿ ಮತ್ತೆ ಚಪಾತಿ ಮಾಡಬೇಕಾದರೆ ನನ್ನ ಹೆಂಡತಿ ಬಿಸಿನೀರಿನಲ್ಲಿ ಮೂರು ಸಲ ತೊಳೆದಳು, ಅದು ಬೇರೆ ಕತೆ.

ಬಿಚ್ಚುವ ಮುಂಚೆ

ಆಫ್ ಬಟನ್ ಒತ್ತಿದರೆ ಕರೆಂಟು ಹೋದಂತಲ್ಲ. ಫ್ಯಾನ್‌ಗಳು ತಾವಾಗಿ ನಿಲ್ಲುವವರೆಗೆ ಕಾದು, ಒಲೆ ಪೂರ್ತಿ ತಣ್ಣಗಾದ ಮೇಲೆ ಗೋಡೆಯಿಂದ ಪ್ಲಗ್ಗನ್ನೇ ಕಿತ್ತುಹಾಕಿ. ಇಲ್ಲಿಯದು 120 ವೋಲ್ಟ್, ನಮ್ಮೂರಿನದರ ಅರ್ಧ ಅಂತ ಸದರ ಬೇಡ. ಬೂದಿಯಡಿ ಕೆಂಡ ಒಂದು ದಿನ ಕಳೆದರೂ ಜೀವಂತ ಇರಬಹುದು. ಅದನ್ನು ಮನೆಯ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಎಳೆದರೆ ಅದರ ಚೀಲಕ್ಕೇ ಬೆಂಕಿ. ಬೂದಿಗೆಂದೇ ಲೋಹದ ಡಬ್ಬಿಯ ವ್ಯಾಕ್ಯೂಮ್ ಸಿಗುತ್ತದೆ, ಅದನ್ನೇ ಬಳಸಿ.

ಆಗರ್: ಎಣ್ಣೆ ಬೇಡುವಂತೆ ಕೂಗಿ, ಎಣ್ಣೆ ಬೇಡದ ಭಾಗ

ನಮ್ಮ ಸದ್ದಿನ ಮೂಲ ಇಲ್ಲೇ ಇತ್ತು. ಹಾಪರ್‌ನಲ್ಲಿದ್ದ ಪೆಲೆಟ್‌ಗಳನ್ನೆಲ್ಲ ಬಕೆಟ್ಟಿಗೆ ಮೊಗೆದು ತೆಗೆದಾಗ ತಳದಲ್ಲಿ ಎರಡು ಹಿಡಿಯಷ್ಟು ನುಣ್ಣನೆಯ ಹೊಟ್ಟು ಉಳಿದಿತ್ತು. ಅದನ್ನು ಎಳೆದು ತೆಗೆದು ಟಾರ್ಚ್ ಬಿಟ್ಟು ನೋಡಿದರೆ, ತಿರುಪಿನ ಅಂಚಿಗೂ ಕೊಳವೆಯ ಗೋಡೆಗೂ ನಡುವೆ ಕಂದು ಬಣ್ಣದ್ದೇನೋ ಮಿನುಗುತ್ತಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿದೆ. ಗಾಣದ ಹಿಂಡಿಯ ಹಾಗೆ ಗಟ್ಟಿ, ಒಂದು ಕಡೆ ಪಾಲಿಶ್ ಹಾಕಿದಷ್ಟು ನಯ. ಪೆಲೆಟ್‌ಗಳನ್ನು ಹಿಡಿದಿಡುವುದು ಅಂಟಲ್ಲ, ಮರದಲ್ಲೇ ಇರುವ ಲಿಗ್ನಿನ್. ಒತ್ತಡಕ್ಕೆ, ಬಿಸಿಗೆ ಅದು ಮೆತ್ತಗಾಗಿ ಹೊಟ್ಟನ್ನು ಬೆಸೆಯುತ್ತದೆ. ಕಾರ್ಖಾನೆಯಲ್ಲಿ ನಡೆದದ್ದೇ ನಮ್ಮ ಕೊಳವೆಯೊಳಗೂ ನಡೆದಿತ್ತು, ಪುಡಿಯೆಲ್ಲ ಸೇರಿ ಹೊಸದೊಂದು ಪೆಲೆಟ್ ಆಗಿ ತಿರುಪಿಗೆ ಬ್ರೇಕ್ ಹಾಕಿತ್ತು.

ಇಲ್ಲಿಗೆ ಎಣ್ಣೆ ಬಿಟ್ಟಿದ್ದರೆ ಏನಾಗುತ್ತಿತ್ತು? ಹಿಟ್ಟಿಗೆ ಎಣ್ಣೆ ಹಾಕಿ ಕಲಸಿದರೆ ಏನಾಗುತ್ತದೋ ಅದೇ. ಒಂದು ದಿನ ಸದ್ದು ಅಡಗುತ್ತದೆ, ಆಮೇಲೆ ಬರುವ ಪ್ರತಿ ಚಿಟಿಕೆ ಪುಡಿಯೂ ಅದಕ್ಕೆ ಮೆತ್ತಿಕೊಂಡು ಮುದ್ದೆಯಾಗುತ್ತದೆ. ಎಣ್ಣೆ ಮೆತ್ತಿದ ಪೆಲೆಟ್ ನೇರ ಬೆಂಕಿಗೇ ಹೋಗುತ್ತದೆ ಅನ್ನುವುದೂ ನೆನಪಿರಲಿ. ತಿರುಪಿನ ಮೈಗೆ, ಕೊಳವೆಯೊಳಗೆ, ಯಾವ ಕಾಲಕ್ಕೂ ಯಾವ ಎಣ್ಣೆಯೂ ಬೇಡ.

ಪರೀಕ್ಷೆ ಹೀಗೆ. ಆಗರ್‌ನ ಕಂಬಿಯನ್ನು ಮೋಟಾರಿಗೆ ಹಿಡಿದಿರುವ ಗ್ರಬ್ ಸ್ಕ್ರೂವನ್ನು ಅಲೆನ್ ಕೀಯಿಂದ ಸಡಿಲಿಸಿ ಮೋಟಾರನ್ನು ಹಿಂದಕ್ಕೆ ಎಳೆಯಿರಿ. ಅಮೆರಿಕದ ಸ್ಟೋವ್‌ಗಳಲ್ಲಿ ಇಂಚಿನ ಅಳತೆಯೇ ಹೆಚ್ಚು. ಊರಿಂದ ತಂದ ಮಿಲಿಮೀಟರ್ ಸೆಟ್ ಅರೆಬರೆ ಕೂತು ಸ್ಕ್ರೂ ತಲೆ ತಿಂದುಹಾಕುತ್ತದೆ. ಈಗ ಕಂಬಿಯನ್ನು ಕೈಯಿಂದ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಕೊಳವೆ ಕಟ್ಟಿದೆ. ಹಗುರಾಗಿ ತಿರುಗಿಯೂ ‘ಕಿರ್’ ಅಂದರೆ ಬುಷ್. ಸದ್ದಿಲ್ಲದೆ ಸಲೀಸಾಗಿ ತಿರುಗಿದರೆ ತಪ್ಪು ಮೋಟಾರಿನದು.

ಬುಷ್‌ನಲ್ಲಿ ಎರಡು ಜಾತಿ. ಹಳದಿ ಮಿಶ್ರಿತ ಕಂದು ಬಣ್ಣದ್ದಾದರೆ ಕಂಚಿನದು. ಅದರ ಸೂಕ್ಷ್ಮ ರಂಧ್ರಗಳಲ್ಲಿ ಕಾರ್ಖಾನೆಯಲ್ಲೇ ಎಣ್ಣೆ ಕುಡಿಸಿರುತ್ತಾರೆ, ವರ್ಷಗಳಾದ ಮೇಲೆ ಅದು ಆರುತ್ತದೆ. ಹಲ್ಲುಕಡ್ಡಿಯ ತುದಿಯಲ್ಲಿ ಒಂದು ತೊಟ್ಟು ಎಣ್ಣೆ ತೆಗೆದು ಕಂಬಿ ಒಳಹೋಗುವ ಸಂದಿಗೆ ಮುಟ್ಟಿಸಿ, ಹತ್ತು ಸುತ್ತು ತಿರುಗಿಸಿ, ಹೊರಗೆ ಬಂದದ್ದನ್ನು ಒರೆಸಿಬಿಡಿ. ಬಿಳಿ ಅಥವಾ ಕಪ್ಪು ಪ್ಲಾಸ್ಟಿಕ್ಕಿನದಾದರೆ ಎಣ್ಣೆ ಬೇಡ, ಗ್ರಾಫೈಟ್ ಪುಡಿ ಸಾಕು. ಕಂಬಿಯ ಮೇಲೆ ಉಗುರು ಸಿಕ್ಕುವಷ್ಟು ಗೆರೆ ಬಿದ್ದಿದ್ದರೆ ಎರಡೂ ಬೇಡ, ಬುಷ್ ಬದಲಿಸಿ.

ಗೇರ್ ಮೋಟಾರಿನ ಹಿಂಬದಿಯಲ್ಲಿ ಪುಟ್ಟ ತಂಪು ಫ್ಯಾನ್ ಇರುತ್ತದೆ. ಅದರ ಕಂಬಿ ಮೋಟಾರಿನೊಳಗೆ ಹೋಗುವ ಜಾಗದಲ್ಲಿ ಕಂಚಿನ ಬುಷ್ ಕಂಡರೆ ಅಲ್ಲಿಗೂ ಒಂದು ತೊಟ್ಟು. ಗೇರ್ ಡಬ್ಬಿಯೊಳಗೆ ಗ್ರೀಸ್ ತುಂಬಿರುತ್ತದೆ, ಹೊರಗಿನಿಂದ ಎಣ್ಣೆ ಬಿಟ್ಟರೆ ಅದು ತೆಳುವಾಗಿ ಸೋರಿಹೋಗುತ್ತದೆ. ಒಳಗಿನಿಂದ ಕಲ್ಲು ಅಗಿದಂತೆ ‘ಕಟಕಟ’ ಬರುತ್ತಿದ್ದರೆ ಹಲ್ಲು ಸವೆದಿದೆ, ಹೊಸ ಮೋಟಾರು ತರಿಸಿ. ತರಿಸುವಾಗ ಹಳೆಯದರ ಮೇಲಿನ ಪಟ್ಟಿ ಓದಿ: ನಿಮಿಷಕ್ಕೆ ಎಷ್ಟು ಸುತ್ತು, ಯಾವ ದಿಕ್ಕಿಗೆ. 1 ಸುತ್ತಿನದರ ಜಾಗಕ್ಕೆ 4 ಸುತ್ತಿನದು ಹಾಕಿದರೆ ಬಟ್ಟಲಿಗೆ ನಾಲ್ಕು ಪಟ್ಟು ಪೆಲೆಟ್ ಬಿದ್ದು ಒಲೆ ಕೆಂಪಗಾಗುತ್ತದೆ.

ಇನ್ನೊಂದು ಮಾತು. ಹೊಸ ಬ್ರ್ಯಾಂಡಿನ ಚೀಲ ಸುರಿದ ದಿನದಿಂದಲೇ ಸದ್ದು ಶುರುವಾಗಿದ್ದರೆ ಏನೂ ಬಿಚ್ಚಬೇಡಿ. ಪೆಲೆಟ್‌ಗಳೇ ಕೊಳವೆಗೆ ಉಜ್ಜಿ ಕಿರುಗುಟ್ಟುವುದುಂಟು. ಹಳೇ ಬ್ರ್ಯಾಂಡಿನ ಅರ್ಧ ಚೀಲ ಹಾಕಿ ನೋಡಿ, ಉತ್ತರ ಅಲ್ಲೇ ಸಿಗುತ್ತದೆ.

ಫ್ಯಾನ್‌ಗಳು

ಕೋಣೆಗೆ ಗಾಳಿ ಊದುವ ಫ್ಯಾನಿನ ಶತ್ರು ಮನೆಯ ದೂಳು, ನಾಯಿ ಬೆಕ್ಕಿನ ಕೂದಲು. ರೆಕ್ಕೆಗಳ ಮೇಲೆ ಅದು ಒಂದೇ ಕಡೆ ಮೆತ್ತಿಕೊಂಡರೆ ತೂಕ ಏರುಪೇರಾಗಿ ‘ಗುಂಯ್’ ಅನ್ನುತ್ತದೆ. ಅದಕ್ಕೆ ಬ್ರಷ್ ಸಾಕು. ಪ್ಲಗ್ ಕಿತ್ತ ಮೇಲೆ ಬೆರಳಿನಿಂದ ರೆಕ್ಕೆ ತಿರುಗಿಸಿ ಬಿಡಿ. ಒಳ್ಳೆಯ ಬೇರಿಂಗ್ ಇದ್ದರೆ ಕೆಲವು ಸೆಕೆಂಡ್ ಸುತ್ತಿ ಮೆಲ್ಲಗೆ ನಿಲ್ಲುತ್ತದೆ. ತಟ್ಟನೆ ನಿಂತರೆ ಒಣಗಿದೆ. ಕಂಬಿ ಹಿಡಿದು ಪಕ್ಕಕ್ಕೆ ಅಲುಗಿಸಿದಾಗ ಲೊಟಲೊಟ ಅಂದರೆ ಸವೆದಿದೆ. ಸವೆದದ್ದಕ್ಕೆ ಎಣ್ಣೆ ಬಿಟ್ಟರೆ ಕೆಲವು ವಾರ ಬಾಯಿ ಮುಚ್ಚೀತು, ಅಷ್ಟೇ.

ಮೋಟಾರಿನ ಎರಡೂ ತುದಿಯಲ್ಲಿ ಸಣ್ಣ ರಬ್ಬರ್ ಬಿರಡೆಯ ತೂತು ಇದೆಯಾ ನೋಡಿ. ಇದ್ದರೆ ಒಂದೊಂದಕ್ಕೆ ಎರಡು ಮೂರು ತೊಟ್ಟು ಎಣ್ಣೆ, ವರ್ಷಕ್ಕೊಮ್ಮೆ. ತೂತಿಲ್ಲದೆ, ಬೇರಿಂಗ್ ಮೇಲೆ ನಂಬರಿನ ಜೊತೆ ‘ಝೆಡ್‌ಝೆಡ್’ ಅಂತಲೋ ‘2ಆರ್‌ಎಸ್’ ಅಂತಲೋ ಕೆತ್ತಿದ್ದರೆ ಅದು ಎರಡೂ ಬದಿ ಮುಚ್ಚಿದ ಬೇರಿಂಗ್. ಮೇಲಿನಿಂದ ಎಣ್ಣೆ ಸುರಿದರೆ ಒಳಗಿನ ಗ್ರೀಸ್ ತೊಳೆದುಹೋಗುತ್ತದೆಯೇ ಹೊರತು ಲಾಭವಿಲ್ಲ.

ಹೊಗೆ ಎಳೆಯುವ ಫ್ಯಾನಿನ ಕೇಡು ಎಷ್ಟೋ ಸಲ ಸದ್ದಾಗಿ ಬರುವುದೇ ಇಲ್ಲ, ‘ಒಲೆ ತಾನಾಗಿ ಆರಿಹೋಗುತ್ತದೆ’ ಅನ್ನುವ ದೂರಾಗಿ ಬರುತ್ತದೆ. ಬೇರಿಂಗ್ ಬಿಗಿಯಾಗಿ ಫ್ಯಾನ್ ನಿಧಾನವಾದರೆ ಒಳಗಿನ ಎಳೆತ ಕಡಿಮೆಯಾಗುತ್ತದೆ. ಅದನ್ನು ಕಾಯುವ ವ್ಯಾಕ್ಯೂಮ್ ಸ್ವಿಚ್ ಆಗರ್‌ನ ಕರೆಂಟು ಕಡಿಯುತ್ತದೆ. ಪೆಲೆಟ್ ಬೀಳದೆ ಬೆಂಕಿ ಸಾಯುತ್ತದೆ. ಜನ ಆಗರ್ ಕೆಟ್ಟಿದೆ ಅಂದುಕೊಂಡು ಆ ಮೋಟಾರು ಬದಲಿಸುತ್ತಾರೆ! ಆದ್ದರಿಂದ ಆಗರ್ ನಿಂತರೆ ಮೊದಲು ಈ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಹೊಗೆ ಕೊಳವೆ ಬೂದಿಯಿಂದ ಕಟ್ಟಿದ್ದರೂ ಇದೇ ಲಕ್ಷಣ, ಅದನ್ನೂ ನೋಡಿ.

ಇದರ ರೆಕ್ಕೆ ಹೊಗೆಯಲ್ಲೇ ಸುತ್ತುತ್ತದೆ, ಅದರ ಮೇಲೆ ಬೂದಿ ಗಾರೆಯ ಹಾಗೆ ಕೂರುತ್ತದೆ. ಬಿಚ್ಚಿ ಕೆರೆಯುವಾಗ ಒಂದು ಎಚ್ಚರ: ಕೆಲವು ಮಾದರಿಗಳಲ್ಲಿ ರೆಕ್ಕೆಯ ನಟ್ಟು ಉಲ್ಟಾ ಮರೆಯದು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ನಾನು ಎಡಕ್ಕೇ ಜಗ್ಗಿ ಜಗ್ಗಿ ಬೆರಳಿನ ಗೆಣ್ಣು ಕೆತ್ತಿಸಿಕೊಂಡೆ. ಮತ್ತೆ ಕೂರಿಸುವಾಗ ಸಂದಿ ಮುಚ್ಚುವ ಹಳೇ ಗ್ಯಾಸ್ಕೆಟ್ ಬೇಡ, ಹೊಸದನ್ನೇ ಹಾಕಿ. ಆ ಸಂದಿಯಿಂದ ಸೋರುವುದು ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ, ಅದಕ್ಕೆ ವಾಸನೆಯಿಲ್ಲ. ಆ ಕೋಣೆಯಲ್ಲೂ ಮಲಗುವ ಕಡೆಯೂ ಅದರ ಅಲಾರ್ಮ್ ಇರಲೇಬೇಕು.

ಬಾಗಿಲು, ಚಿಲಕ, ಮತ್ತು ನನ್ನ ಕೊಬ್ಬರಿ ಎಣ್ಣೆ

ತಿಪಟೂರಿನವನು, ಬಾಗಿಲು ಕಿರ್ ಅಂದರೆ ಕೈ ಎಲ್ಲಿಗೆ ಹೋಗುತ್ತದೆ ಹೇಳಿ. ನವೆಂಬರಿನಲ್ಲೇ ಸ್ಟೋವ್ ಬಾಗಿಲಿನ ಕೀಲಿಗೆ ಒಂದು ಚಮಚ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ಕಿರಿಕಿರಿ ನಿಂತು ಮನೆಯೆಲ್ಲ ಒಗ್ಗರಣೆ ಸೀದ ವಾಸನೆ. ಕೊಬ್ಬರಿ ಎಣ್ಣೆ ಸುಮಾರು 175 ಡಿಗ್ರಿಗೆಲ್ಲ ಹೊಗೆಯಾಡುತ್ತದೆ, ಬೆಂಕಿಯ ಬಾಗಿಲಿನ ಲೋಹ ಅದನ್ನು ದಾಟುವುದು ಕಷ್ಟವೇನಲ್ಲ. ಎರಡು ವಾರದಲ್ಲಿ ಕೀಲಿನ ಸುತ್ತ ಕಪ್ಪು ಡಾಂಬರು ಗಟ್ಟಿಯಾಗಿ, ಬಾಗಿಲು ತೆಗೆಯಲು ಎರಡು ಕೈ ಬೇಕಾಯಿತು. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಸರಿ, ಆ ಅಚ್ಚು ಬೆಂಕಿಯ ಪಕ್ಕ ಇರುವುದಿಲ್ಲವಲ್ಲ.

ಇಲ್ಲಿಗೆ ಬೇಕಾದದ್ದು ತಾಮ್ರದ ಪುಡಿ ಬೆರೆತ ಆಂಟಿ-ಸೀಜ್ ಪೇಸ್ಟ್, ಆಟೋ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿರುವ ಎಣ್ಣೆ ಸುಟ್ಟುಹೋದರೂ ತಾಮ್ರ, ಗ್ರಾಫೈಟ್ ಉಳಿದು ಕೆಲಸ ಮಾಡುತ್ತವೆ, ಸಾಮಾನ್ಯವಾಗಿ 980 ಡಿಗ್ರಿವರೆಗೆ ತಡೆಯುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುತ್ತಾರೆ. ಕೀಲಿನ ಕಡ್ಡಿ ತಣ್ಣಗಿರುವಾಗ ಎತ್ತಿ ತೆಗೆದು, ಸ್ಟೀಲ್ ಉಲ್ಲನ್‌ನಿಂದ ಉಜ್ಜಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತೆಳ್ಳಗೆ ಸವರಿ. ಚಿಲಕದ ನಾಲಿಗೆ ಕಚ್ಚುವ ಜಾಗಕ್ಕೂ ಅಷ್ಟೇ. ಬಾಗಿಲ ಸುತ್ತಿನ ಹಗ್ಗದಂಥ ಗ್ಯಾಸ್ಕೆಟ್‌ಗೆ, ಗಾಜಿಗೆ ತಾಗಬಾರದು. ಬೂದಿ ಕೆರೆಯುವ ಸರಳು ಬಿಗಿಯಾದರೆ ಅದರ ಮೇಲಿನ ಮಸಿ ಉಜ್ಜಿ ಗ್ರಾಫೈಟ್ ಪುಡಿ ಹಚ್ಚಿ. ಪುಡಿ ಸಿಗದಿದ್ದರೆ ಮಕ್ಕಳ ಪೆನ್ಸಿಲ್ಲೇ ಸಾಕು, ಸರಳಿನ ಉದ್ದಕ್ಕೂ ಗೀಚಿ.

ಯಾವ ಎಣ್ಣೆ, ಯಾವುದು ಬೇಡ

ಮೋಟಾರಿಗೆ ‘ಎಲೆಕ್ಟ್ರಿಕ್ ಮೋಟಾರ್ ಆಯಿಲ್, ಎಸ್‌ಎಇ 20, ನಾನ್-ಡಿಟರ್ಜೆಂಟ್’ ಅಂತ ಬರೆದದ್ದೇ ಆಗಬೇಕು. ಕಾರಿನ ಎಂಜಿನ್ ಎಣ್ಣೆಯಲ್ಲಿ ಕೊಳೆಯನ್ನು ತೇಲಿಸಿ ಇಡುವ ಡಿಟರ್ಜೆಂಟ್ ಇರುತ್ತದೆ. ಕಾರಿನಲ್ಲಿ ಆ ಕೊಳೆ ಹಿಡಿಯಲು ಫಿಲ್ಟರ್ ಉಂಟು, ಈ ಮೋಟಾರಿನಲ್ಲಿ ಇಲ್ಲ. ಕೊಳೆಯೆಲ್ಲ ಬುಷ್‌ನ ರಂಧ್ರಕ್ಕೇ ಹೋಗಿ ಕೂರುತ್ತದೆ.

ಡಬ್ಲ್ಯೂಡಿ-40 ಎಲ್ಲರ ಮನೆಯಲ್ಲೂ ಇದೆ, ಆದರೆ ಇಲ್ಲಿ ಬೇಡ. 1953ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಅದು ಹುಟ್ಟಿದ್ದೇ ಲೋಹದ ಮೇಲಿನ ನೀರನ್ನು ಓಡಿಸಿ ತುಕ್ಕು ತಡೆಯಲು. ತುಕ್ಕು ಹಿಡಿದ ಸ್ಕ್ರೂ ಬಿಡಿಸಲು ಸರಿ. ಮೋಟಾರಿನ ಬುಷ್‌ಗೆ ಹೊಡೆದರೆ ಅದರ ದ್ರಾವಕ ಇದ್ದಬದ್ದ ಎಣ್ಣೆಯನ್ನೂ ತೊಳೆದು ಆರಿಹೋಗುತ್ತದೆ, ವಾರದಲ್ಲಿ ಸದ್ದು ಎರಡರಷ್ಟಾಗಿ ವಾಪಸ್ಸು. ಬಿಸಿ ಒಲೆಯ ಹತ್ತಿರ ಯಾವ ಸ್ಪ್ರೇಯೂ ಬೆಂಕಿಗೆ ಕೊಟ್ಟ ಆಹ್ವಾನವೇ. ಟೆಫ್ಲಾನ್ ಇರುವ ಲ್ಯೂಬ್ ಕೂಡ ಬೇಡ. 260 ಡಿಗ್ರಿ ದಾಟಿದರೆ ಅದು ಕೆಡತೊಡಗುತ್ತದೆ, ಆ ಹೊಗೆ ಪಂಜರದ ಗಿಳಿಗಳಿಗೆ ಪ್ರಾಣಾಂತಕ. ಮಾಮೂಲಿ ಲಿಥಿಯಂ ಗ್ರೀಸ್ 190 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ತೊಟ್ಟಿಕ್ಕುತ್ತದೆ, ಬಾಗಿಲಿಗೆ ಅದೂ ಆಗದು.

ಮತ್ತೆ ಜೋಡಿಸಿದ ಮೇಲೆ

ಬಾಗಿಲಿನ ಸಂದಿಯಲ್ಲಿ ಒಂದು ಡಾಲರ್ ನೋಟು ಇಟ್ಟು ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿದರೆ ಸರಿ, ಜಾರಿ ಬಂದರೆ ಚಿಲಕ ಬಿಗಿ ಮಾಡಿ ಅಥವಾ ಗ್ಯಾಸ್ಕೆಟ್ ಬದಲಿಸಿ. ಸುತ್ತಲೂ ನಾಲ್ಕೈದು ಕಡೆ ಹೀಗೆ ನೋಡಬೇಕು. ಮೊದಲ ಸಲ ಉರಿಸುವಾಗ ಕಿಟಕಿ ಸ್ವಲ್ಪ ತೆರೆದಿಡಿ, ಸವರಿದ ಪೇಸ್ಟ್ ಅರ್ಧ ಗಂಟೆ ವಾಸನೆ ಹೊಡೆಯುತ್ತದೆ.

ನಮ್ಮ ಸ್ಟೋವ್‌ಗೆ ಆವತ್ತು ಹೋದದ್ದು ಕಂಚಿನ ಬುಷ್‌ಗೆ ಒಂದು ತೊಟ್ಟು ಎಣ್ಣೆ, ಅದೂ ಬಿಚ್ಚಿದ್ದೇವಲ್ಲ ಅಂತ. ಉಳಿದದ್ದೆಲ್ಲ ಕೆರೆದು ಗುಡಿಸಿದ್ದೇ. ಹೊಟ್ಟು ಯಾಕೆ ಅಷ್ಟು ಗಟ್ಟಿಯಾಗಿತ್ತು ಅಂತ ಯೋಚಿಸಿದರೆ ತಪ್ಪು ಹಿಂದಿನ ಏಪ್ರಿಲ್‌ನದು. ಹಾಪರ್‌ನಲ್ಲಿ ಕಾಲು ಭಾಗ ಪೆಲೆಟ್ ಬಿಟ್ಟೇ ಒಲೆ ನಿಲ್ಲಿಸಿದ್ದೆ. ಬೇಸಿಗೆಯ ತೇವ ಹೀರಿ ಅವು ಉಬ್ಬಿ ಪುಡಿಯಾಗಿದ್ದವು, ಅಕ್ಟೋಬರಿನಲ್ಲಿ ಅದರ ಮೇಲೇ ಹೊಸ ಚೀಲ ಸುರಿದಿದ್ದೆ. ಈ ಏಪ್ರಿಲ್‌ನಲ್ಲಿ ಹಾಪರ್ ಬರಿದು ಮಾಡಿ, ಆಗರ್ ಖಾಲಿಯಾಗುವ ತನಕ ಓಡಿಸಿ, ಪ್ಲಗ್ ಕಿತ್ತು, ಅದರ ವೈರಿಗೆ ‘ಕೊಬ್ಬರಿ ಎಣ್ಣೆ ಬೇಡ’ ಅಂತ ಬರೆದ ಚೀಟಿ ಕಟ್ಟಿದ್ದೇನೆ. ಬರಹ ನನ್ನ ಹೆಂಡತಿಯದು.